ಬಕೆಟ್ ತೋಟದ ಬ್ಲಾಗೂ ಕೆಳಮಹಡಿಯ ಕುಂಬಳಕಾಯಿಯೂ

ಇಂದ,
ಹಿರಿಯ ಗುಮಾಸ್ತ, ದಾಖಲೆ ವಿಭಾಗ
(ವಾಸ: ಸಿಬ್ಬಂದಿ ವಸತಿಗೃಹ, ಮೂರನೇ ಮಹಡಿ, ಹಸಿರು ಬಕೆಟ್ ಇರುವ ಮನೆ)

ಗೆ,
ಮಾನ್ಯ ಮುಖ್ಯ ಅಧಿಕಾರಿಗಳು,
ತೂಕ ಮತ್ತು ಅಳತೆ ಪರಿಶೀಲನಾ ಕಚೇರಿ
(ವಾಸ: ಅದೇ ವಸತಿಗೃಹ, ಎರಡನೇ ಮಹಡಿ, ನಮ್ಮ ಮನೆಯ ಸರಿ ಕೆಳಗೆ)

ವಿಷಯ: ತೋಟಗಾರಿಕೆ ಕುರಿತು ಬ್ಲಾಗ್ ಆರಂಭಿಸಲು ಪೂರ್ವಾನುಮತಿ ಕೋರಿ, ಹಾಗೂ ನಮ್ಮ ಬಳ್ಳಿಯಲ್ಲಿ, ಆದರೆ ತಮ್ಮ ಬಾಲ್ಕನಿಯಲ್ಲಿ, ಬಿಟ್ಟಿರುವ ಕಾಯಿಯ ಕುರಿತು.

ಉಲ್ಲೇಖ:
೧. ಮೇಲಿನಿಂದ ಹೂ ಬೀಳುತ್ತಿರುವ ಬಗ್ಗೆ ವಿವರಣೆ ಕೇಳಿ ತಾವು ಕೊಟ್ಟ ಮೆಮೊ.
೨. ಹೂ ಬೀಳುವುದು ನಿಂತಿರುವ ಬಗ್ಗೆ ವಿವರಣೆ ಕೇಳಿ ತಾವೇ ಕೊಟ್ಟ ಇನ್ನೊಂದು ಮೆಮೊ.
೩. ಎದುರು ಕಟ್ಟಡದ ಟೈಲರಕ್ಕ ಗುಂಡಿ ಹೊಲಿಯುತ್ತ ನೀಡಿದ ಮೌಖಿಕ ಹೇಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನನಗೆ ಖುಷಿ ತಡೆಯಲಾಗುತ್ತಿಲ್ಲ. ಇದನ್ನು ಅರ್ಜಿಯಲ್ಲಿ ಹೇಗೆ ಬರೆಯಬೇಕೆಂದು ಹಳೆಯ ಕಡತಗಳಲ್ಲಿ ಹುಡುಕಿದೆ. ಖುಷಿಯ ಬಗ್ಗೆ ನಮ್ಮ ಕಚೇರಿಯಿಂದ ಈವರೆಗೆ ಯಾವ ಪತ್ರವೂ ಹೋಗಿರುವುದಿಲ್ಲ. ಆದ್ದರಿಂದ ತಿಳಿದಂತೆ ಬರೆಯುತ್ತಿದ್ದೇನೆ.

೧. ಮೊದಲನೆಯದಾಗಿ, ನನ್ನ ಕೈಗುಣ. ನನ್ನ ಕೈಯಲ್ಲಿ ಈವರೆಗೆ ಯಾವ ಗಿಡವೂ ಬದುಕಿರುವುದಿಲ್ಲ. ಗುಲಾಬಿ ಹೋಯಿತು, ಪುದೀನ ಹೋಯಿತು. ಕಳ್ಳಿಗೆ ನೀರೇ ಬೇಡ ಎಂದಿದ್ದರು, ಅದೂ ಹೋಯಿತು. "ಇದನ್ನ ಸಾಯಿಸೋಕೆ ಯಾರಿಂದ್ಲೂ ಆಗಲ್ಲ ಸಾರ್" ಎಂದು ನರ್ಸರಿಯವನು ಧೈರ್ಯ ಹೇಳಿ ಕೊಟ್ಟ ಗಿಡವನ್ನು ಒಣಗಿದ ಸ್ಥಿತಿಯಲ್ಲಿ ವಾಪಸ್ ಒಯ್ದಾಗ, ಆತ ಅದನ್ನು ಸುತ್ತಲೂ ತಿರುಗಿಸಿ ನೋಡಿ, "ನೀವು ಮೀನು ಸಾಕಿ ಸಾರ್" ಎಂದ. ನನ್ನ ಶ್ರೀಮತಿಯಂತೂ "ನಿಮ್ಮ ಕೈಗುಣಕ್ಕೆ ಪ್ಲಾಸ್ಟಿಕ್ ಹೂವೂ ಬಾಡುತ್ತೆ ರೀ" ಎಂದು ನೆಂಟರ ಮುಂದೆ ಹೇಳುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ನಾನೂ ಜೊತೆಗೆ ನಗುತ್ತಿದ್ದೆ. ನೆಂಟರು ಹೋದ ಮೇಲೆ ಖಾಲಿ ಕುಂಡಗಳನ್ನು ಒಂದರೊಳಗೊಂದು ಜೋಡಿಸುವಾಗ ಮಾತ್ರ ಬೇಜಾರಾಗುತ್ತಿತ್ತು.

೨. ಹೀಗಿರಲಾಗಿ, ಬಾಲ್ಕನಿಯ ಮೂಲೆಯ ತಳ ಒಡೆದ ಬಕೆಟ್ಟಿನಲ್ಲಿ, ತರಕಾರಿ ಸಿಪ್ಪೆಗಳ ನಡುವಿನಿಂದ, ಯಾರ ಅನುಮತಿಯನ್ನೂ ಪಡೆಯದೆ ಒಂದು ಸಸಿ ಎದ್ದಿತು. "ಮುಟ್ಟಬೇಡಿ ರೀ, ಪಾಪ, ಅದರ ಪಾಡಿಗೆ ಅದು ಇರ್ಲಿ" ಎಂದು ಶ್ರೀಮತಿಯಿಂದ ಆದೇಶವಾಯಿತು. ಆದ ಕಾರಣ ದೂರ ನಿಂತು ಚೊಂಬಿನಿಂದ ನೀರು ಚಿಮುಕಿಸಿದೆ. ಅದು ಕುಂಬಳದ ಬಳ್ಳಿಯಾಗಿ, ಕಂಬಿ ಹಿಡಿದು, ಹತ್ತುವ ಬದಲು ಇಳಿಯತೊಡಗಿ ತಮ್ಮ ಬಾಲ್ಕನಿ ಸೇರಿತು. ಎಲ್ಲರ ಬಳ್ಳಿಗಳೂ ಮೇಲಕ್ಕೆ ಹೋಗುತ್ತವೆ. ಸರ್ಕಾರಿ ನೌಕರನ ಬಳ್ಳಿಯಾದ ಕಾರಣ ಇದು ಮೇಲಧಿಕಾರಿಗಳನ್ನು ಹುಡುಕಿಕೊಂಡು ಹೋಗಿರುತ್ತದೆ.

೩. ನಮ್ಮ ಮಹಡಿಯಲ್ಲಿ ಅರಳಿದ್ದೆಲ್ಲ ಗಂಡು ಹೂ. ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು ಎಂದು ಮಗಳು ಫೋನಿನಲ್ಲಿ ನೋಡಿ ಹೇಳಿದ್ದಳು. ದಿನಾ ಬೆಳಿಗ್ಗೆ ಒಂದೊಂದನ್ನೂ ತಿರುಗಿಸಿ ನೋಡುವುದು, ಬರೀ ತೊಟ್ಟು ಕಂಡು ಕಿತ್ತು ಕೆಳಗೆ ಎಸೆಯುವುದು ನನ್ನ ಕೆಲಸವಾಯಿತು. (ಎಸೆದದ್ದು ಸಿಟ್ಟಿನಿಂದಲೇ; ಸಿಟ್ಟು ತಮ್ಮ ಮೇಲಲ್ಲ.) ಆಗ ಉಲ್ಲೇಖ ೧ರ ಮೆಮೊ ಬಂತು. "ಇನ್ನು ಮುಂದೆ ಒಂದು ಹೂವೂ ಬೀಳುವುದಿಲ್ಲ, ಅಗತ್ಯಬಿದ್ದರೆ ಬಳ್ಳಿಯನ್ನೇ ಕತ್ತರಿಸಲಾಗುವುದು" ಎಂದು ಅಂದೇ ವಿವರಣೆ ಸಲ್ಲಿಸಿದೆ. ಕೆಲವೇ ದಿನಗಳಲ್ಲಿ ಉಲ್ಲೇಖ ೨ರ ಮೆಮೊ: "ಬಳ್ಳಿಯನ್ನು ಯಾವ ಕಾರಣಕ್ಕೂ ಕತ್ತರಿಸತಕ್ಕದ್ದಲ್ಲ. ಹೂ ಬೀಳುವುದು ಏಕೆ ನಿಂತಿದೆ? ವಿವರಣೆ ನೀಡುವುದು." ನನ್ನ ಸೇವಾವಧಿಯಲ್ಲಿ ಇಂಥ ಮೆಮೊ ಕಂಡಿಲ್ಲ. ಟೈಪಿಸ್ಟ್‌ಗೆ ತೋರಿಸಿದಾಗ ಆಕೆ "ಸಾಹೇಬ್ರಿಗೆ ಮೈ ಹುಷಾರಿಲ್ವಾ?" ಎಂದು ಕೇಳಿದ್ದನ್ನು ಈ ಅರ್ಜಿಯಲ್ಲಿ ದಾಖಲಿಸುತ್ತಿಲ್ಲ.

೪. ಗಂಟು ಬಿಡಿಸಿದವರು ಟೈಲರಕ್ಕ. ಅವರ ಹೊಲಿಗೆ ಯಂತ್ರ ಎದುರು ಕಟ್ಟಡದ ಎರಡನೇ ಮಹಡಿಯ ಕಿಟಕಿಯಲ್ಲಿ, ತಮ್ಮ ಬಾಲ್ಕನಿಗೆ ಮುಖಮಾಡಿ ಇರುತ್ತದೆ.

"ನಿಮ್ಮ ಸಾಹೇಬ್ರು ದಿನಾ ಬೆಳಗ್ಗೆ ಮೇಲೆ ನೋಡ್ಕೊಂಡು ನಿಂತಿರ್ತಾರೆ. ಒಂದು ಹೂ ಎಸೀಬಾರ್ದಾ ಪಾಪ?"

"ಎಸೀಬಾರ್ದು ಅಂತ ಅವರೇ ಮೆಮೊ ಕೊಟ್ಟಿದ್ದಾರಲ್ಲಕ್ಕ."

"ಮೊದಮೊದಲು ಸಿಡಿಮಿಡಿ ಮಾಡ್ತಿದ್ರು, ಹೌದು. ಆಮೇಲೆ ಒಂದಿನ, ಬಿದ್ದ ಹೂ ಎತ್ಕೊಂಡು, ಎಸಳು ಬಿಡಿಸಿ, ಅವರ ಕಡೆ ಅರಳಿರೋ ಹೂವಿಗೆ ಮೆತ್ತಗೆ ಮುಟ್ಟಿಸಿದ್ರು. ಕಾಯಿ ಕಚ್ಚೇಬಿಡ್ತು. ಈಗ ಹಳೇ ಬನಿಯನ್ನಲ್ಲಿ ಜೋಲಿ ಕಟ್ಟಿ ಮಲಗಿಸಿದ್ದಾರೆ. ಅದರ ಹತ್ರ ಮಾತೂ ಆಡ್ತಾರೆ."

"ಏನಂತ?"

"ರಸ್ತೆ ಆಚೆಯಿಂದ ನಂಗೆ ಹೆಂಗೆ ಕೇಳುತ್ತೆ? ಆದ್ರೆ ಮುಖ ನಗ್ತಿರುತ್ತೆ."

ತಮ್ಮ ಮುಖ ನಗುವುದನ್ನು ಕಚೇರಿಯಲ್ಲಿ ಯಾರೂ ನೋಡಿಲ್ಲವಾದ್ದರಿಂದ, ಟೈಲರಕ್ಕ ಬೇರೆ ಯಾರದೋ ಬಾಲ್ಕನಿ ನೋಡಿರಬಹುದೆಂದು ಮೊದಲು ಭಾವಿಸಿದ್ದೆ. ಆಮೇಲೆ ಹೊಳೆಯಿತು. ಮೊದಲ ಮೆಮೊ ತಮ್ಮ ಮನೆಯಿಂದ ನಮ್ಮ ಮನೆಗೆ ಮೆಟ್ಟಿಲು ಹತ್ತಿ ಬರಲಿಲ್ಲ. ಸೂಕ್ತ ಮಾರ್ಗದ ಮೂಲಕ, ಅಂದರೆ ಕಚೇರಿಯ ಎಲ್ಲ ವಿಭಾಗಗಳ ಮೇಜುಗಳ ಮೇಲೆ ಮಲಗಿ ಎದ್ದು ಬಂತು. ಅಷ್ಟರಲ್ಲಿ ಕೆಳಗೆ ಹೂ ಕಾಯಾಗಿ, ತಮ್ಮ ಸಿಟ್ಟು ಕರಗಿ, ನಾನು ಮಾತ್ರ ಮೇಲೆ ಹಳೆಯ ಸಿಟ್ಟಿಗೆ ಹೆದರಿಕೊಂಡು ಕುಳಿತಿದ್ದೆ.

೫. ಬ್ಲಾಗಿಗೆ ಕಾರಣ ಇದು. ಕಾಯಿಯ ಸುದ್ದಿ ತಿಳಿದಂದಿನಿಂದ ನನ್ನ ಬಾಯಲ್ಲಿ ಬೇರೆ ಮಾತು ಬರುತ್ತಿಲ್ಲ. ಟೈಪಿಸ್ಟ್ ತನ್ನ ಮೇಜನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಾಳೆ. ಹಾಲಿನವನು ಪ್ಯಾಕೆಟ್ಟನ್ನು ಬಾಗಿಲಿಗೆ ತಗುಲಿಸಿ ಬೆಲ್ ಮಾಡದೆ ಓಡುತ್ತಾನೆ. "ಇನ್ನೊಂದ್ಸಲ ಕುಂಬಳ ಅಂದ್ರೆ ನಾನು ತವರಿಗೆ ಹೋಗ್ತೀನಿ" ಎಂದು ಶ್ರೀಮತಿ ಎಚ್ಚರಿಕೆ ನೀಡಿದ್ದಾಳೆ; ಆದರೆ ಬೀಜ ಬಿದ್ದದ್ದು ತನ್ನ ಕೈಯಿಂದ ಎಂಬ ವಾದವನ್ನೂ ಬಿಟ್ಟಿಲ್ಲ.

ಕೊನೆಗೆ ಮಗಳೇ ದಾರಿ ತೋರಿಸಿದಳು. "ಅಪ್ಪ, ಕೇಳೋರಿಲ್ಲ ಅಂದ್ರೇನು, ಓದೋರು ಎಲ್ಲಾದ್ರೂ ಇರ್ತಾರೆ. ಬ್ಲಾಗ್ ಶುರು ಮಾಡು. ನಮ್ಮನ್ನ ಬಿಟ್ಬಿಡು."

ಹೆಸರು ನಾನೇ ಸೂಚಿಸಿದೆ: 'ಮೂರನೇ ಮಹಡಿಯ ತೋಟದ ತ್ರೈಮಾಸಿಕ ಪ್ರಗತಿ ವರದಿ'. ಅವಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. ಕೊನೆಗೆ 'ಬಕೆಟ್ ತೋಟ' ಎಂದು ತೀರ್ಮಾನವಾಯಿತು. ನೌಕರರು ಪೂರ್ವಾನುಮತಿ ಇಲ್ಲದೆ ಏನನ್ನೂ ಪ್ರಕಟಿಸುವಂತಿಲ್ಲವಾದ್ದರಿಂದ ಈ ಅರ್ಜಿ. ಸದರಿ ಬ್ಲಾಗಿನಲ್ಲಿ ಕಚೇರಿಯ ಗುಟ್ಟುಗಳು ಇರುವುದಿಲ್ಲ. ಗೊಬ್ಬರದ ಬಗ್ಗೆ ಬರೆದದ್ದನ್ನು ಯಾವ ವಿಭಾಗವೂ ತನಗೆ ಅನ್ವಯಿಸಿಕೊಳ್ಳಬೇಕಾಗಿಲ್ಲ.

೬. ಆದರೆ ಒಂದು ತೊಡಕಿದೆ. "ಫೋಟೋ ಇಲ್ದೆ ಯಾರಪ್ಪ ನಂಬ್ತಾರೆ? ಬರೀ ಎಲೆ ಹಾಕಿ ಕಾಯಿ ಬಿಟ್ಟಿದೆ ಅಂದ್ರೆ ನಗ್ತಾರೆ" ಎಂದಳು ಮಗಳು. ಫೋಟೋ ಎಲ್ಲಿಂದ ತರಲಿ? ತಮ್ಮಲ್ಲಿ ನಿವೇದಿಸಲು ಸಂಕೋಚವಾಗುತ್ತಿದೆ: ಆ ಕಾಯಿಯನ್ನು ನಾನು ಈವರೆಗೆ ನೋಡಿಲ್ಲ. ಶ್ರೀಮತಿ ಹಿಂದಿನಿಂದ ಬೆಲ್ಟ್ ಹಿಡಿದುಕೊಂಡಿರಲಾಗಿ ಕಂಬಿಯಾಚೆ ಸಾಧ್ಯವಾದಷ್ಟು ಬಾಗಿದೆ. ಎಲೆ ಬಿಟ್ಟು ಬೇರೇನೂ ಕಾಣಲಿಲ್ಲ. ರಸ್ತೆಗಿಳಿದು ಕತ್ತೆತ್ತಿದರೆ ತಮ್ಮ ಬಾಲ್ಕನಿಯ ಗೋಡೆ ಅಡ್ಡ. ಟೈಲರಕ್ಕನ ಕಿಟಕಿಯಿಂದ ನೋಡೋಣವೆಂದು, ಬೇಡದ ಅಂಗಿಯೊಂದಕ್ಕೆ ಅಳತೆ ಕೊಟ್ಟು ಕೈ ಎತ್ತಿ ನಿಂತೆ. ಅಂದೇ ಬೆಳಿಗ್ಗೆ ತಾವು ಬಿಸಿಲು ತಾಗದಂತೆ ಬೆಡ್‌ಶೀಟ್ ಕಟ್ಟಿದ್ದಿರಿ. ಕಾಯಿಗೆ ನೆರಳಾಯಿತಲ್ಲ ಎಂದು ಸಂತೋಷವೂ ಆಯಿತು, ಅಳುವೂ ಬಂತು.

ಟೈಲರಕ್ಕ ಎರಡು ಕೈ ಅಗಲಿಸಿ "ಇಷ್ಟಿದೆ" ಎಂದು ತೋರಿಸುತ್ತಾರೆ. ಕೈಯಲ್ಲಿ ಅಳತೆ ಟೇಪ್ ಇಟ್ಟುಕೊಂಡವರು ಹೀಗೆ ಅಂದಾಜಿನಲ್ಲಿ ಹೇಳುವುದನ್ನು ನಮ್ಮ ಕಚೇರಿ ಒಪ್ಪುವುದಿಲ್ಲ. ನನಗೂ ಅದರಿಂದ ಸಮಾಧಾನವಾಗುತ್ತಿಲ್ಲ.

೭. ಕಾಯಿಯ ಒಡೆತನದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಈ ಅರ್ಜಿಯಲ್ಲಿ ಎಲ್ಲಿಯೂ ಬಳಸಿರುವುದಿಲ್ಲ. ಜೋಲಿ ಕಟ್ಟಿದವರು ತಾವು, ಪರಾಗ ಮುಟ್ಟಿಸಿದವರು ತಾವು. ನಾನು ಹೂವನ್ನು ಸಿಟ್ಟಿನಿಂದ ಎಸೆದವನು. ಆದರೆ ಬೇರು ನಮ್ಮ ಬಕೆಟ್ಟಿನಲ್ಲಿದೆ. ನನ್ನ ನೀರು ಕುಡಿದು ಬದುಕಿದ್ದು ಇದೊಂದೇ. ತಾವು ಕೊಯ್ಯುವ ಮೊದಲು ಅದನ್ನು ಒಮ್ಮೆ ನೋಡದಿದ್ದರೆ, ನಾನು ಏನನ್ನಾದರೂ ಬೆಳೆದೆ ಎಂದು ನನಗೇ ನಂಬಿಕೆಯಾಗುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, 'ಬಕೆಟ್ ತೋಟ' ಆರಂಭಿಸಲು ಅನುಮತಿ ನೀಡಬೇಕೆಂದೂ, ಕಾಯಿಯನ್ನು ಹತ್ತು ನಿಮಿಷ ನೋಡಲು, ಮುಟ್ಟುವುದಿಲ್ಲ, ಬರೀ ನೋಡಲು ಅವಕಾಶ ಕೊಡಬೇಕೆಂದೂ ಕೋರುತ್ತೇನೆ. ಬ್ಲಾಗಿನ ಎರಡನೇ ಬರಹವನ್ನು ತಾವೇ ಬರೆದುಕೊಟ್ಟರೆ ಉಪಕಾರವಾಗುತ್ತದೆ. ಕೆಳಗೆ ಏನೇನಾಯಿತೆಂಬುದು ತಮಗೊಬ್ಬರಿಗೇ ಗೊತ್ತು. ಕಾಯಿಯ ಹತ್ತಿರ ತಾವು ಏನು ಮಾತಾಡುತ್ತೀರಿ ಎಂಬುದನ್ನು ಬರೆಯುವುದೂ ಬಿಡುವುದೂ ತಮ್ಮ ವಿವೇಚನೆಗೆ ಬಿಟ್ಟದ್ದು.

ತಮ್ಮ ವಿಶ್ವಾಸಿ, ತಮ್ಮ ನೆತ್ತಿಯ ಮೇಲಿನ ಮನೆಯವನು,
ಹಿರಿಯ ಗುಮಾಸ್ತ

ಲಗತ್ತುಗಳು:
೧. ಬ್ಲಾಗಿನ ಮೊದಲ ಬರಹದ ಕರಡು (ಫೋಟೋದ ಜಾಗ ಖಾಲಿ ಬಿಟ್ಟಿದೆ).
೨. ಇಂದು ಬೆಳಿಗ್ಗೆ ಅರಳಿದ ಗಂಡು ಹೂ, ಒಂದು.

ವಿ.ಸೂ.: ತಮ್ಮ ಕಡೆ, ಬೆಡ್‌ಶೀಟಿನ ಹೊರಗೆ, ಇನ್ನೊಂದು ಹೆಣ್ಣು ಹೂ ಇಂದು ಅರಳಿದೆಯೆಂದು ಟೈಲರಕ್ಕ ಕಿಟಕಿಯಿಂದ ಕೂಗಿ ಹೇಳಿದ್ದಾರೆ. ಕಚೇರಿಯ ಟಪಾಲು ವಿಭಾಗ ತೆರೆಯುವ ಹೊತ್ತಿಗೆ ಗಂಡು ಹೂ ಮುದುಡಿಹೋಗುತ್ತದೆ. ಆ ಕಾರಣ ಸೂಕ್ತ ಮಾರ್ಗವನ್ನು ಬಿಟ್ಟು, ಸೇವೆಗೆ ಸೇರಿದ ಮೇಲೆ ಇದೇ ಮೊದಲ ಬಾರಿ, ಮೆಟ್ಟಿಲು ಇಳಿದು ನೇರ ತಮ್ಮ ಬಾಗಿಲಿಗೆ ಬಂದಿದ್ದೇನೆ. ಅರ್ಜಿಯನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿದ್ದೇನೆ. ಲಗತ್ತು ೨ ಸಂದಿಯಲ್ಲಿ ತೂರುವುದಿಲ್ಲವಾದ್ದರಿಂದ ಅದನ್ನು ಹಿಡಿದುಕೊಂಡು ಹೊರಗೇ ನಿಂತಿದ್ದೇನೆ. ಅರ್ಜಿಯನ್ನು ತಾವು ನಿಧಾನವಾಗಿ ಪರಿಶೀಲಿಸಬಹುದು. ಬಾಗಿಲನ್ನು ಮಾತ್ರ ಕೂಡಲೇ ತೆರೆಯಬೇಕಾಗಿ ವಿನಂತಿ.