ದೋಣಿಗೆ ಹುಣಸೆ ಬೀಜದ ಗಂಜಿ

ನಾನು ಒಂದು ಕೆಲಸ ಹಿಡಿದೆನೆಂದರೆ ಅದನ್ನು ಮುಗಿಸದೆ ಬಿಡುವವನಲ್ಲ. ಎಷ್ಟೋ ಸಲ ಕೆಲಸವೇ ನನ್ನನ್ನು ಮುಗಿಸಿದೆ, ಅದು ಬೇರೆ ಮಾತು!

ಈ ವರ್ಷ ಮಳೆ ಚೆನ್ನಾಗಿ ಬಿದ್ದು ಭೈರವಾನಿತಿಪ್ಪ ಡ್ಯಾಮು ತುಂಬಿತ್ತು. ಆಚೆ ದಡದಲ್ಲಿ ನನ್ನ ಹೆಂಡತಿ ಉಚ್ಚಂಗಮ್ಮನ ತವರು. ಅವಳ ತಮ್ಮ ಮರುಳಸಿದ್ದಪ್ಪ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದವನು, “ಭಾವ, ಅಕ್ಕನ್ನ ಕರ್ಕೊಂಡು ಶೇರ್ ಆಟೋದಾಗ ಬಂದ್ಬಿಡ್ರಿ” ಅಂದ.

ಶೇರ್ ಆಟೋ! ಹದಿನಾಲ್ಕು ಜನರ ನಡುವೆ ಹದಿನೈದನೆಯವನಾಗಿ, ಯಾರದೋ ಟಗರನ್ನು ತೊಡೆಯ ಮೇಲೆ ಕೂರಿಸಿಕೊಂಡು! ಮೂವತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ನನ್ನ ಮೀಸೆ ಸೆಟೆದು ನಿಂತಿತು.

“ಆಟೋ ಯಾಕ? ನಿಮ್ಮಕ್ಕನ್ನ ಹಾಯಿದೋಣ್ಯಾಗ ಕರ್ಕೊಂಡು ಬರ್ತೀನಿ. ದೋಣಿ ಮುಳುಗಿದ್ರ ಈ ಮೀಸಿ ಬೋಳಿಸ್ತೀನಿ!”

ದೋಣಿ ಇದ್ದದ್ದು ಮೀನು ಹಿಡಿಯುವ ಗೋಪಣ್ಣನ ಹಿತ್ತಲಲ್ಲಿ. ಅವನಪ್ಪನ ಕಾಲದ ಮರದ ದೋಣಿ, ಹಾಯಿಕಂಬ ಸಮೇತ. ಹತ್ತು ವರ್ಷದಿಂದ ಊರಿನ ಕೋಳಿಗಳ ಬಾಣಂತನವೆಲ್ಲ ಅದರೊಳಗೇ! ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿಸಿ ಮನೆ ಮುಂದೆ ಇಳಿಸಿದೆ. ಒಳಗೆ ಕೂತರೆ ಹಲಗೆಯ ಸಂದುಗಳಲ್ಲಿ ಓಣಿಯೆಲ್ಲ ಕಾಣುತ್ತಿತ್ತು.

ಉಚ್ಚಂಗಮ್ಮ ಒಮ್ಮೆ ತಟ್ಟಿ ನೋಡಿದಳು. “ಮರ ಒಣಗೈತ್ರಿ, ಅಷ್ಟ. ಗುದ್ದಲಿ ಕಾವು ಸಡ್ಲಾದ್ರ ನೀರಾಗ ಇಡ್ತೀವಲ್ಲ, ಉಬ್ಬಿ ಬಿಗಿ ಆಗ್ತೈತಿ. ಇದನ್ನೂ ಒಂದೆಂಟು ದಿನ ನೀರಾಗ ಮುಳುಗಿಸಿಡ್ರಿ.”

“ಮುಳುಗಬಾರ್ದು ಅಂತ ನಾನು ರಿಪೇರಿ ಮಾಡಾಕತ್ತೀನಿ, ನೀನು ಮುಳುಗಿಸು ಅಂತೀಯಲ್ಲ!” ಎಂದು ಹೊಟ್ಟೆ ಹಿಡಿದು ನಕ್ಕೆ. ಹಿತ್ತಲ ಗಿಡ ಮದ್ದಲ್ಲ ನೋಡಿ.

ನಮ್ಮದು ತಲೆಮಾರುಗಳಿಂದ ಕಂಬಳಿ ನೇಯುವ ಮನೆ. ಹುಣಸೆ ಬೀಜದ ಗಂಜಿ ತಿಕ್ಕಿದ ನಮ್ಮ ಕಂಬಳಿ ಹೊದ್ದರೆ ಕುರಿ ಕಾಯುವವನಿಗೆ ಮಳೆ ಹನಿ ತಾಕುವುದಿಲ್ಲ. ಮನುಷ್ಯನನ್ನು ಕಾಯುವ ಗಂಜಿ ದೋಣಿಯನ್ನು ಕಾಯದೇ? ಸ್ನಾನದ ಹಂಡೆಯಲ್ಲೇ ಗಂಜಿ ಕುದಿಸಿದೆ. ಸಂದುಸಂದಿಗೂ ಉಣ್ಣೆ ತುರುಕಿ, ಮೇಲೆ ಎರಡು ಸಲ ಗಂಜಿ ಬಳಿದೆ. ಸಂಜೆಗೆ ದೋಣಿ ಮದುಮಗನ ಹಾಗೆ ಮಿಂಚುತ್ತಿತ್ತು. ಮನೆಯಲ್ಲಿ ಮೂರು ದಿನ ಯಾರಿಗೂ ಸ್ನಾನವಿಲ್ಲ!

ಮಾರನೇ ಬೆಳಿಗ್ಗೆ ಕೂಗು: “ರೀ, ನಿಮ್ಮ ದೋಣಿನ ಕುರಿ ನೆಕ್ಕಾಕತ್ಯಾವ!”

ಓಡಿದೆ. ಒಂದು ಪಕ್ಕ ಪೂರ್ತಿ ಖಾಲಿ! ಮತ್ತೆ ಹಂಡೆ, ಮತ್ತೆ ಗಂಜಿ.

“ಕುರಿ ನಾಲಿಗಿಗೆ ಕರಗಿದ್ದು ಡ್ಯಾಮಿನ ನೀರಿಗೆ ನಿಲ್ತೈತೇನ್ರಿ?”

“ಕಂಬಳ್ಯಾಗ ನಿಲ್ತೈತಲ್ಲ!”

“ಕಂಬಳಿನ ಯಾರೂ ಡ್ಯಾಮಿನಾಗ ತೇಲಿಬಿಡಲ್ಲ.”

ಗೃಹಪ್ರವೇಶಕ್ಕೆ ಎಂಟು ದಿನ ಮೊದಲು, ಸೋಮವಾರ, ಪರೀಕ್ಷೆ. ಅರ್ಧ ಊರೇ ದಡದಲ್ಲಿತ್ತು, ಮರುಳಸಿದ್ದಪ್ಪನೂ ಬಂದಿದ್ದ. ಕಾಯಿ ಒಡೆದೆ. ಶೇಂಗಾ ಒಣಹಾಕುವ ಟಾರ್ಪಾಲನ್ನೇ ಹಾಯಿ ಮಾಡಿ ಬಿಚ್ಚಿದೆ. ಗಾಳಿ ತುಂಬಿತು, ದೋಣಿ ಹೊರಟಿತು! ಹತ್ತು ಮಾರು ನಾನು ಚಕ್ರವರ್ತಿ!

ಹನ್ನೊಂದನೇ ಮಾರಿಗೆ ಪಾದ ತಣ್ಣಗಾಯಿತು. ನೋಡುತ್ತಿದ್ದಂತೆ ಗಂಜಿಯೆಲ್ಲ ಕರಗಿ ನೀರು ಬೆಳ್ಳಗಾಯಿತು. ಅದನ್ನು ತಿನ್ನಲು ಡ್ಯಾಮಿನ ಮೀನೆಲ್ಲ ನನ್ನ ಸುತ್ತ ಪಂಕ್ತಿಗೆ ಕೂತವು. ಗೋಪಣ್ಣ ಬಲೆ ಹಿಡಿದು ಓಡಿ ಬಂದ. ಕಾಪಾಡಲು ಬಂದನೆಂದುಕೊಂಡೆ.

“ಅಣ್ಣಾ, ಗಡಿಬಿಡಿ ಮಾಡಬ್ಯಾಡ್ರಿ, ಇನ್ನೀಟು ನಿಧಾನಕ್ಕ ಮುಳುಗ್ರಿ! ಮೀನು ಭಾಳ ಬಂದಾವ!”

ಸೊಂಟದ ಮಟ್ಟದ ನೀರಿನಲ್ಲಿ ಹಾಯಿಕಂಬ ತಬ್ಬಿಕೊಂಡು ನಿಂತೆ. ದಡ ಸೇರಿದಾಗ ಮರುಳಸಿದ್ದಪ್ಪ ಜೇಬಿನಿಂದ ಹೊಸ ರೇಜರ್ ತೆಗೆದ. ಪುಣ್ಯಾತ್ಮ ತಯಾರಾಗಿಯೇ ಬಂದಿದ್ದ! ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಮೀಸೆಯಾದರೂ ಇರಬೇಕಲ್ಲ?

ಮುಂದಿನ ಸೋಮವಾರ ಹೋಳಿಗೆ ಡಬ್ಬಿ ಹೊತ್ತು, ಮುಖ ಮುಚ್ಚಿಕೊಂಡು ಆಟೋ ಕಡೆ ಹೊರಟೆ. ಉಚ್ಚಂಗಮ್ಮ ಡ್ಯಾಮಿನ ಕಡೆ ತಿರುಗಿದಳು.

“ಈ ಕಡಿ ಬರ್ರಿ. ದೋಣಿ ಮುಳುಗಿದಲ್ಲೇ ಇರ್ಲಿ, ಎಳೀಬ್ಯಾಡ ಅಂತ ಗೋಪಣ್ಣಗ ಅವತ್ತ ಹೇಳಿದ್ದೆ.”

ಗೋಪಣ್ಣ ಬಕೆಟ್ಟಿನಿಂದ ನೀರು ತೋಡಿ ಮುಗಿಸಿದ್ದ. ದೋಣಿ ತೇಲುತ್ತಿತ್ತು! ಎಂಟು ದಿನ ನೀರು ಕುಡಿದ ಹಲಗೆಗಳು ಉಬ್ಬಿ ಒಂದನ್ನೊಂದು ಕಚ್ಚಿಕೊಂಡಿದ್ದವು. ಹತ್ತಿ ಕೂತೆವು. ಆಚೆ ದಡದವರೆಗೂ ಒಂದು ಹನಿ ಒಳಗೆ ಬರಲಿಲ್ಲ. ಟಾರ್ಪಾಲಿಗೆ ಗಾಳಿ, ಪಕ್ಕದಲ್ಲಿ ಉಚ್ಚಂಗಮ್ಮ, ಕೈಯಲ್ಲಿ ಅವಳೇ ಕೊಟ್ಟ ಹೋಳಿಗೆ. ಮದುವೆಯ ದಿನವೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ, ಸುಳ್ಳೇಕೆ ಹೇಳಲಿ! ಆದರೂ ದಡದಲ್ಲಿ ಕೈಬೀಸುತ್ತಿದ್ದ ಭಾವಮೈದುನನನ್ನು ಕಂಡಾಗ ಕೈ ತಾನಾಗಿಯೇ ಬೋಳು ತುಟಿಗೆ ಹೋಯಿತು.

“ದೋಣಿ ಏನೋ ಉಳೀತು. ಮೀಸಿ ಹೋತಲ್ಲೇ!”

“ಅದಕ್ಯಾಕ ಚಿಂತಿ ಮಾಡ್ತೀರಿ?” ಅಂದಳು ಉಚ್ಚಂಗಮ್ಮ. “ಬಗ್ಗಿ ಮುಖ ನೀರಾಗ ಇಡ್ರಿ. ಎಂಟು ದಿನ ನೆನದ್ರ ಅದೂ ಉಬ್ಬಿ ಬರ್ತೈತಿ!”