ಕಾರಿನ ಹೆಸರು, ಕೆಂಪು ಬಕೆಟ್ಟು

ಬಾಯಿ ಬಿಡಬೇಕಾದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮಣ್ಣನ ಹುಚ್ಚಾಟ ಕೇಳುತ್ತಾ ನೀವು ನಗುತ್ತೀರಿ, ನಗುತ್ತಲೇ ನನ್ನನ್ನು ಒಳ್ಳೆಯವಳೆಂದು ತಿಳಿದುಬಿಡುತ್ತೀರಿ. ಹಾಗಾಗಬಾರದು.

ಕೊಪ್ಪಳದಲ್ಲಿ ಅತಿ ಚಂದದ ಕಾರು ಇರುವುದು ನಮ್ಮಣ್ಣನ ಹತ್ತಿರ. ಕೊರತೆ ಒಂದೇ, ಅದಕ್ಕೆ ಎಂಜಿನ್ ಇಲ್ಲ! ಸೀಟೂ ಇಲ್ಲ ಅನ್ನಿ. ಆದರೆ ಬಂಪರು ಫಳಫಳ, ಬಾಗಿಲ ಹಿಡಿಕೆ ಫಳಫಳ, ಪಕ್ಕದ ಬೆಳ್ಳಿಪಟ್ಟಿ ಫಳಫಳ.

"ಎಂಜಿನ್ ಯಾವಾಗ ಕೂಡಸ್ತಿ ಅಣ್ಣಾ?" ಎಂದು ಕೇಳಿದರೆ, "ಎಂಜಿನ್ ಯಾರಿಗೆ ಕಾಣ್ತೈತಿ? ಬಾನೆಟ್ ಮುಚ್ಚೇ ಇರ್ತೈತಲ್ಲ!" ಎನ್ನುತ್ತಾನೆ.

ಆ ಕಾರು ಬಂದ ದಿನ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅವನನ್ನು ಸಿದ್ದಾಪುರಕ್ಕೆ ಕಳಿಸಿದ್ದು ಒಂದು ಚೀಲ ಅಕ್ಕಿ ತರಲು. ಅಲ್ಲಿಯ ರೈಸ್ ಮಿಲ್ಲಿನ ಮಾಲೀಕರಿಗೆ ತೀರಿಹೋದ ನಮ್ಮಪ್ಪ, ನಾವು ಅಲ್ಲೇ ಇದ್ದ ಕಾಲದಲ್ಲಿ, ಡ್ರೈವರ್ ಆಗಿದ್ದ. ಅಪ್ಪ ಓಡಿಸುತ್ತಿದ್ದ ಅಂಬಾಸಿಡರ್ ಕಾರು ಮಿಲ್ಲಿನ ಹಿತ್ತಲಲ್ಲಿ ಕೋಳಿಗೂಡಾಗಿ ನಿಂತಿತ್ತಂತೆ. ಅಣ್ಣ ಅದರ ಮುಂದೆ ನಿಂತು ಗಳಗಳ ಅತ್ತನಂತೆ. ಮಾಲೀಕರ ಮಗ ಹೆದರಿ, "ಕೋಳಿ ಇಳಿಸಿ ಒಯ್ದುಬಿಡ್ರಿ ಮಾರಾಯ್ರಾ" ಅಂದುಬಿಟ್ಟರು.

ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಕಾರು ನಮ್ಮ ಓಣಿಗೆ ಬಂತು. ವೈನಿ ಕೈಯಲ್ಲಿ ಸೌಟು ಹಿಡಿದು ಹೊರಗೆ ಬಂದರು.

"ಅಕ್ಕಿ ಎಲ್ಲಿ ಐತ್ರೀ?"

"ಡಿಕ್ಕ್ಯಾಗ ಐತಿ."

ನಿಜಕ್ಕೂ ಡಿಕ್ಕಿಯಲ್ಲೇ ಇತ್ತು! ಇಳಿಯಲು ಮರೆತ ಕೋಳಿಯೊಂದು ಅಕ್ಕಿಚೀಲದ ಮೇಲೆ ಕೂತು ಮೊಟ್ಟೆಯನ್ನೂ ಇಟ್ಟಿತ್ತು. ವೈನಿ ಮೊಟ್ಟೆ ಒಳಗಿಟ್ಟು ಬಂದು ಆಮೇಲೆ ಬೈಯಲು ಶುರು ಮಾಡಿದರು.

ಮರುದಿನದಿಂದ ಶುರುವಾಯಿತು ನೋಡಿ ಉಜ್ಜಾಟ. ಊಟದ ಪಾರ್ಸೆಲ್ಲಿಗೆ ಸುತ್ತುವ ಬೆಳ್ಳಿ ಹಾಳೆ ಇರುತ್ತದಲ್ಲ, ಅದನ್ನು ಮುದ್ದೆ ಮಾಡಿ ನೀರಿಗದ್ದಿ ಉಜ್ಜಿದರೆ ಬಂಪರಿನ ತುಕ್ಕು ಬಿಡುತ್ತದೆಂದು ಯಾರೋ ಹೇಳಿಕೊಟ್ಟರು. ಇರಕಲ್ಲಗಡದಲ್ಲಿ ಬೀಗರ ಮದುವೆ. ನಾವೆಲ್ಲ ಮದುಮಕ್ಕಳ ತಲೆಗೆ ಅಕ್ಕಿಕಾಳು ಹಾಕುತ್ತಿದ್ದರೆ ಅಣ್ಣ ಅಡುಗೆಯವರ ಹಿಂದೆ ನಿಂತು ಬೆಳ್ಳಿ ಹಾಳೆ ಆರಿಸಿ ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದ! ಬೀಗರ ಮುದುಕಿಯೊಬ್ಬಳು ನನ್ನ ಕಿವಿಯಲ್ಲಿ, "ನಿಮ್ಮಣ್ಣನ ಮನ್ಯಾಗ ಉಣ್ಣಾಕ ತ್ರಾಸ ಐತೇನವ್ವಾ?" ಎಂದು ಕೇಳಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ತುಕ್ಕು ಬಿಟ್ಟಿತು! ಎಷ್ಟು ಬಿಟ್ಟಿತೆಂದರೆ ವೈನಿಯೇ ಬಂಪರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಹಣೆಗೆ ಕುಂಕುಮ ಇಟ್ಟುಕೊಳ್ಳತೊಡಗಿದರು.

ಚಕ್ರದ ಮೇಲಿನ ದುಂಡು ಮುಚ್ಚಳ ಒಂದು ಕಡಿಮೆ ಇತ್ತು. ಬೇವೂರಿಗೆ ಯಾವುದೋ ಕೆಲಸಕ್ಕೆ ಹೋದಾಗ ಚಹಾದಂಗಡಿಯಲ್ಲಿ ಅಣ್ಣನ ಕಣ್ಣಿಗೆ ಅಂಥದೇ ಬಿತ್ತು. ಅಂಗಡಿಯವನು ಅದರಲ್ಲಿ ಮೆಣಸಿನಕಾಯಿ ಬಜಿ ಇಟ್ಟು ಮಾರುತ್ತಿದ್ದ.

"ಅದನ್ನ ಕೊಡ್ತೀಯೇನಪಾ?"

"ಬಜಿ ಖಾಲಿ ಆದ ಮ್ಯಾಲೆ ನೋಡೋಣ್ರಿ."

ಖಾಲಿ ಆಗಬೇಕಷ್ಟೇ ತಾನೆ? ಅಣ್ಣ ಅಲ್ಲೇ ಕೂತು ಇದ್ದಬದ್ದ ಬಜಿಯನ್ನೆಲ್ಲ ತಾನೇ ತಿಂದ! ಕಾರಿಗೆ ಮುಚ್ಚಳ ಬಂತು. ಅಣ್ಣ ಮಾತ್ರ ಒಂದು ವಾರ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಇನ್ನು ಡಿಕ್ಕಿಯ ಮೇಲಿನ ಹೆಸರು. ಕಂಪನಿಯವರು ಕೂರಿಸಿದ್ದು ಎಂದೋ ಮುರಿದಿತ್ತು. ಮಾಲೀಕರು ಹೊಸಪೇಟೆಯಿಂದ ಬಿಡಿ ಬಿಡಿ ಇಂಗ್ಲಿಷ್ ಅಕ್ಷರ ತರಿಸಿದ್ದರು, ಅಪ್ಪ ತೂತು ಕೊರೆದು ಒಂದೊಂದೇ ಕೂರಿಸಿದ್ದ. ನಾನು ಇಂಗ್ಲಿಷ್ ಕಲಿಯುವ ಮುಂಚೆಯೇ ಶಾಲೆ ಬಿಟ್ಟವಳು. ಅಪ್ಪ ಊಟಕ್ಕೆ ಮನೆಗೆ ಬಂದಾಗ ಅಣ್ಣ ನನ್ನನ್ನು ಕಾರಿನ ಹಿಂದೆ ಕೂರಿಸಿ, ನನ್ನ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಆಡಿಸುತ್ತಿದ್ದ. ಹಾಗಾಗಿ ನನ್ನ ಇಂಗ್ಲಿಷಿನಲ್ಲಿ ಎ, ಎಂ, ಬಿ, ಎಸ್, ಡಿ, ಓ, ಆರ್ ಬಿಟ್ಟರೆ ಬೇರೆ ಅಕ್ಷರವೇ ಇಲ್ಲ. ಸಾಕಲ್ಲವೇ? ಕುಷ್ಟಗಿಯಲ್ಲಿ ಒಂದು ಹಲಗೆಯ ಮೇಲೆ "ರೋಡ್" ಎಂದು ಓದಿ ನಾನೇ ಬೆಚ್ಚಿಬಿದ್ದಿದ್ದೆ! ಪಕ್ಕದ ಪದ ಓದಲಾಗಲಿಲ್ಲ. ಅದು ಯಾವ ರೋಡೋ ಇಂದಿಗೂ ಗೊತ್ತಿಲ್ಲ.

ಬಣ್ಣ ಹೊಡೆಸುವ ಮುಂಚೆ ಅಣ್ಣ ಆ ಅಕ್ಷರ ಬಿಚ್ಚಿ, ಉಜ್ಜಿ, ಅರಿವೆಯಲ್ಲಿ ಕಟ್ಟಿ ನನ್ನ ಮನೆಗೆ ತಂದ. "ನೀ ಇಟ್ಕೋ ತಂಗಿ. ನಿಮ್ಮ ವೈನಿ ಎಲ್ಲಾ ಗುಜರಿಗೆ ಹಾಕ್ತೀನಿ ಅಂತ ಕುಂತಾಳ."

ನಾನು ಜೋಪಾನದ ವಸ್ತುವನ್ನೆಲ್ಲ ಇಡುವುದು ಒಂದೇ ಕಡೆ, ಮೊಳೆಗೆ ತೂಗುವ ನಮ್ಮ ಮನೆಯವರ ಹಳೇ ಪ್ಯಾಂಟಿನ ಕಿಸೆಯಲ್ಲಿ. ಕಳ್ಳನೂ ಮುಟ್ಟದ ಪ್ಯಾಂಟು ಅದು. ಮುಟ್ಟಿದ್ದು ನಾನೇ! ಓಣಿಯಲ್ಲಿ "ಹಳೇ ಅರಿವಿಗೆ ಬಕೇಟ್" ಎಂದು ಕೂಗುತ್ತಾ ಒಬ್ಬಳು ಬಂದಳು. ನನ್ನ ಸೀರೆಗಳಿಗೆ ಸಣ್ಣ ಬಕೆಟ್ಟು ತೋರಿಸಿದಳು.

"ಒಂದ್ ಪ್ಯಾಂಟ್ ಹಾಕ್ರಿ ಅಕ್ಕಾರ, ದೊಡ್ಡದ ಕೊಡ್ತೀನಿ."

ಮಾತಿನ ಭರದಲ್ಲಿ ಮೊಳೆಗೆ ಕೈ ಹಾಕಿದೆ, ಎಳೆದೆ, ಕೊಟ್ಟೆ. ಅವಳು ಕೈಯಲ್ಲೇ ತೂಗಿ, "ಭಾಳ ವಜ್ಜಿ ಐತ್ರೀ!" ಅಂದಳು. "ಮತ್ತ? ನಮ್ಮನಿಯವರು ತೊಡೋದೆಲ್ಲಾ ಗಟ್ಟಿ ಬಟ್ಟಿ!" ಎಂದು ನಾನು ಜಂಬ ಕೊಚ್ಚಿದೆ. ಕೆಂಪು ಬಕೆಟ್ಟು ಒಳಗೆ ಬಂತು.

ಬಣ್ಣ ಒಣಗಿದ ದಿನ ಅಣ್ಣ ಬಂದು ಕೈ ಚಾಚಿದ. "ಅಕ್ಷರ ಕೊಡು ತಂಗಿ." ನಾನು ಮೊಳೆ ನೋಡಿದೆ. ಬರೀ ಮೊಳೆ! ಬಾಯಿಂದ ಬಂದ ಮಾತು ಕೇಳಿ ನಾನೇ ದಂಗಾದೆ.

"ಆಗಲೇ ನಿಮ್ಮನಿ ಟ್ರಂಕಿನ್ಯಾಗ ಇಟ್ಟು ಬಂದೀನಲ್ಲಣ್ಣಾ!"

ಅವನು ಮನೆಗೆ ಓಡಿದ. ಸ್ವಲ್ಪ ಹೊತ್ತಿಗೆ ಓಣಿಗೆಲ್ಲ ಕೇಳಿಸಿತು. "ಗುಜರಿಗೆ ಹಾಕೇಬಿಟ್ಟೆಲ್ಲ?" "ದೇವರಾಣಿ ನಾ ಮುಟ್ಟಿಲ್ರೀ!" ಗುಜರಿಗೆ ಹಾಕುತ್ತೇನೆಂದು ದಿನಾ ಹೆದರಿಸುತ್ತಿದ್ದವರ ಆಣೆ ಯಾರು ನಂಬುತ್ತಾರೆ?

ಅಂದಿನಿಂದ ಅಣ್ಣ ವೈನಿಯ ಜೊತೆ ಮಾತು ಬಿಟ್ಟ. ಹೇಳುವುದನ್ನೆಲ್ಲ ಕಾರಿಗೆ ಹೇಳುತ್ತಿದ್ದ. "ಏನಲೇ, ನಿನಗೂ ಚಾ ಕುಡಿಬೇಕನಸ್ತೈತೇನು?" ವೈನಿ ಚಹಾ ತಂದು ಬಾನೆಟ್ಟಿನ ಮೇಲೆ ಇಟ್ಟು ಹೋಗುತ್ತಿದ್ದರು. ಓಣಿಯವರು ನಕ್ಕರು. ನಾನೂ ನಕ್ಕೆ ಅಂತ ಹೇಳಲು ನಾಚಿಕೆಯಾಗುತ್ತದೆ. ವೈನಿ ಜೋಳದ ಚೀಲ ಸುರುವಿ ಮೊರದಲ್ಲಿ ಕೇರಿ ನೋಡಿದರು, ಒಲೆಯ ಬೂದಿ ಜರಡಿ ಹಿಡಿದರು. ಪಕ್ಕದಲ್ಲಿ ಕೂತು ನಾನೂ ಹುಡುಕಿದೆ! ನಂಬುತ್ತೀರಾ? ಇಲ್ಲವೆಂದು ಗೊತ್ತಿದ್ದ ಅಕ್ಷರವನ್ನು ಬೂದಿಯಲ್ಲಿ ಹುಡುಕಿದ ಹೆಂಗಸು ನಾನು.

ಸಾಲದ್ದಕ್ಕೆ ಅಣ್ಣ ಬಂದು, "ಬಕೇಟ್ ಕೊಡವಾ, ಗಾಡಿ ತೊಳೀತೀನಿ" ಎಂದು ಒಯ್ದ. "ಭಾಳ ಛಲೋ ಐತಿ. ಎಲ್ಲಿ ತಗೊಂಡಿ?"

"ಬಾಗಲಿಗೇ ಬಂದಿತ್ತು" ಅಂದೆ.

ಮೊನ್ನೆ ಅಣ್ಣ ಕರೆಕಳಿಸಿದ. ಹೋದರೆ, ಡಿಕ್ಕಿಯ ಮೇಲೆ ಊಟದ ತಟ್ಟೆ, ಒಂದು ಸ್ಟೀಲಿನ ಗಂಗಾಳ, ಬೋರಲು ಬಿದ್ದಿತ್ತು, ಪಕ್ಕದಲ್ಲಿ ತಗಡು ಕೊಯ್ಯುವ ಕತ್ತರಿ. ಹೊಸ ಅಕ್ಷರ ಕೊಯ್ಯುತ್ತಾನಂತೆ. ನಾನು ಗಂಗಾಳ ನೋಡಿದೆ. ವೈನಿಗೆ ತವರಿನವರು ಮದುವೆಯಲ್ಲಿ ಕೊಟ್ಟಿದ್ದು. ಬೆನ್ನ ಮೇಲೆ ಚುಕ್ಕಿ ಚುಕ್ಕಿಯಾಗಿ ವೈನಿಯ ಹೆಸರು ಕೊರೆಸಿದ್ದರು.

ವೈನಿ ಬಾಗಿಲಲ್ಲಿ ನಿಂತಿದ್ದರು. ನನಗಷ್ಟೇ ಕೇಳುವಂತೆ, "ನಾನ ಕೊಟ್ಟೆ ಯವ್ವಾ. ಅಪ್ಪನ ಗುರುತು ಕಳದಾಕಿ ನಾನ ಅಂತ ತಿಳದಾರ. ಹಿಂಗಾದ್ರೂ ಮಾತಾಡ್ಸ್ತಾರೇನೋ" ಅಂದರು.

"ತಂಗಿ, ನೀ ಬರದು ಕೊಡು," ಅಂದ ಅಣ್ಣ. "ಆ ಅಕ್ಷರ ನಿನ್ನ ಬೆರಳಿಗೆ ಗೊತ್ತು."

ಪೆನ್ನು ಹಿಡಿದು ಗಂಗಾಳದ ಮೇಲೆ ಬರೆದೆ. ಎ ಬಂತು, ಎಂ ಬಂತು, ಬಿ ಬಂತು, ಮತ್ತೊಂದು ಎ. ಎಸ್ ಬಂದಾಗ ಅಣ್ಣ ಗೊಳ್ಳನೆ ನಕ್ಕ. "ಅಯ್ಯ ಹುಚ್ಚಿ, ಇನ್ನೂ ತಿರುವಿ ಬರೀತಿ! ಸಣ್ಣಾಕಿದ್ದಾಗಿಂದ ಹಂಗ!" ನನ್ನ ಬೆರಳು ಹಿಡಿದ. ಆಗ ಹಿಡಿಯುತ್ತಿದ್ದಂತೆಯೇ ಹಿಡಿದು, ಎಸ್ ಅನ್ನು ಸರಿಯಾಗಿ ಬರೆಸಿದ. ಉಳಿದವನ್ನೂ ನಾನು ಬರೆದು ಮುಗಿಸಿದ ಮೇಲೆ ಅವನು ಕತ್ತರಿ ಎತ್ತಿಕೊಂಡ. ಅದರ ಬಾಯಿ ಬಂದು ಕೂತದ್ದು ವೈನಿಯ ಹೆಸರಿನ ಮೊದಲ ಚುಕ್ಕಿಯ ಮೇಲೆ.

"ಕೊಯ್ಯಬ್ಯಾಡಣ್ಣಾ!"

ಎಷ್ಟು ಜೋರಾಗಿ ಕೂಗಿದೆನೋ, ಬೆಚ್ಚಿಬಿದ್ದ ಅಣ್ಣನ ಕಾಲು ತಾಗಿ ಕೆಂಪು ಬಕೆಟ್ಟು ಉರುಳಿತು. ನೀರು ಹರಿದು ವೈನಿಯ ಪಾದದವರೆಗೆ ಹೋಯಿತು. ಇಬ್ಬರೂ ನನ್ನನ್ನೇ ನೋಡಿದರು. ನಾನು ವೈನಿಯ ಎರಡೂ ಕೈ ಹಿಡಿದುಕೊಂಡೆ.

"ಟ್ರಂಕಿನ್ಯಾಗ ನಾ ಇಟ್ಟಿದ್ದೇ ಇಲ್ಲ ವೈನಿ. ಪ್ಯಾಂಟಿನ ಕಿಸೇದಾಗ ಇಟ್ಟು, ಮರತು, ಅರಿವಿ ಜೋಡಿ ಈ ಬಕೇಟಿಗೆ ಹಾಕಿದೆ. ಕಳದಾಕಿ ನಾನು, ಬೈಸಿಕೊಂಡಾಕಿ ನೀವು. ತಪ್ಪಾತು ವೈನಿ. ನಂದು ಭಾಳ ತಪ್ಪಾತು."