ಹುಲಿಯಪ್ಪನ ಊಟಿ ಗಾಲ್ಫ್

ಬೀಜದ ಕಂಪನಿಯ ದಾವಣಗೆರೆ ಶಾಖೆಯಲ್ಲಿ ಅಂಟಿಸಿದ್ದ ನೋಟಿಸಿನ ಕೊನೆಯ ಸಾಲನ್ನು ಹುಲಿಯಪ್ಪ ಮೊದಲು ಓದಿದ್ದೇ ಎಲ್ಲ ತಾಪತ್ರಯಕ್ಕೂ ಕಾರಣ. 'ಕುಟುಂಬ ಸಮೇತ ಮೂರು ದಿನ ಊಟಿ, ಖರ್ಚೆಲ್ಲ ಕಂಪನಿಯದು' ಎಂದಿತ್ತು ಆ ಸಾಲು. ಕೂಡಲೇ ಹೆಸರು ಬರೆದ. ಆಮೇಲೆ ಮೇಲಿನ ಸಾಲು ಕಣ್ಣಿಗೆ ಬಿತ್ತು: 'ಬ್ರಿಟಿಷರ ಕಾಲದ ಮೈದಾನದಲ್ಲಿ ದೊಡ್ಡ ಸಾಹೇಬರ ಜೊತೆ ಗಾಲ್ಫ್ ಆಡಲು ಶಾಖೆಗೊಬ್ಬರು.'

ಗೋದಾಮು ನೋಡಿಕೊಳ್ಳುವ ಹುಲಿಯಪ್ಪ ಗಾಲ್ಫ್ ನೋಡಿದ್ದು ಟೀವಿಯಲ್ಲಿ, ಅದೂ ಚಾನೆಲ್ ಬದಲಿಸುವಾಗ. ಹೆಸರು ಹೊಡೆದುಹಾಕಬಹುದಿತ್ತು. ಆದರೆ ಮನೆಗೆ ಹೋಗಿ ಬಾಯಿ ಬಿಟ್ಟುಬಿಟ್ಟ. ಮದುವೆಯಾಗಿ ಹದಿನಾರು ವರ್ಷವಾದರೂ ಹೆಂಡತಿ ಸರೋಜಾಳನ್ನು ಅವನು ದೂರದೂರಿಗೆ ಅಂತ ಕರೆದುಕೊಂಡು ಹೋಗಿದ್ದು ಹರಿಹರಕ್ಕೆ. ಊಟಿ ಎಂದದ್ದೇ ತಡ, ಅವಳು ಎರಡು ಸ್ವೆಟರ್ ತಂದಳು. ಅವರಿದ್ದ ಆನೆಕೊಂಡದ ಓಣಿಗೆಲ್ಲ ಸುದ್ದಿ ಹಬ್ಬಿ, ಏಳು ಮನೆಯವರು ನೀಲಗಿರಿ ಎಣ್ಣೆ ತರಲು ಹೇಳಿದರು.

ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಅಂಜನ್ ಅವರ ಫೋನು ಬಂತು. ಬೆಂಗಳೂರಿನಿಂದ ವರ್ಗವಾಗಿ ಬಂದ ಅವರದು ಮೆತ್ತನೆಯ ಮಾತು. "ಹುಲಿಯಪ್ಪ, ನೀವು ಮತ್ತೆ ಸೇಲ್ಸ್‌ನ ರೇವಂತ್ ಇಬ್ಬರೇ ಹೆಸರು ಕೊಟ್ಟಿದೀರಿ. ಸಂಜೆ ನಾಲ್ಕಕ್ಕೆ ಹರಿಹರದ ಹೊಳೆ ದಂಡೆ ಬಯಲಿಗೆ ಬನ್ನಿ. ಆಟ ನೋಡಿ ಒಬ್ಬರನ್ನ ಆರಿಸ್ತೀನಿ."

ಹುಲಿಯಪ್ಪನ ಮುಖ ಬಾಡಿದ ಸೊಪ್ಪಿನಂತಾಯಿತು. ಪಕ್ಕದ ಮನೆಯ ಮಾಬೂಬೀ ಕಾಂಪೌಂಡಿನ ಆಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು.

"ಹೆದರಬ್ಯಾಡ ಅಣ್ಣ. ನಮ್ಮನೆಯವರ ಗುಜರಿ ಅಂಗಡ್ಯಾಗ ಆ ಆಟದ ಕೋಲು ಅದಾವು."

ಅಂಗಡಿಯಲ್ಲಿ ಅವಳ ಗಂಡ ಮಸ್ತಾನಸಾಬ್ ಎರಡು ತುಕ್ಕು ಹಿಡಿದ ಕೋಲು, ಹಳದಿಗಟ್ಟಿದ ಎರಡು ಚೆಂಡು ಹುಡುಕಿ ತೆಗೆದ. "ಹಳೇ ಮಿಲ್ ಬಂಗಲೆ ಸಾಮಾನಿನಾಗ ಬಂದಿದ್ವು. ಇಷ್ಟ್ ದಿನ ಬೆಕ್ಕು ಓಡ್ಸಾಕ ಇಟ್ಕಂಡಿದ್ದೆ. ಬೀಸು ನೋಡಾನ."

ಹುಲಿಯಪ್ಪ ಬೀಸಿದ. ಚೆಂಡು ಇದ್ದಲ್ಲೇ ಇತ್ತು. ಕೋಲಿನ ತಲೆ ಮಾತ್ರ ಕಳಚಿ ಹಾರಿ, ಪಕ್ಕದ ಮಿರ್ಚಿ ಅಂಗಡಿಯ ಹಿಟ್ಟಿನ ಬೋಗುಣಿಯಲ್ಲಿ ಮುಳುಗಿತು. ಅಂಗಡಿಯವನು ಅದನ್ನು ಮೇಲೆತ್ತಿ, ಕರಿಯುವುದೋ ಬೇಡವೋ ಎಂಬಂತೆ ನೋಡಿದ.

"ಇನ್ನೊಂದು ಐತಲ್ಲ," ಎಂದ ಮಸ್ತಾನಸಾಬ್. "ಅದರ ತಲೆ ಗಟ್ಟಿ ಐತೆ. ಕಣ್ಣು ಮುಚ್ಚಿ ಹೊಡಿ, ಅಷ್ಟೆ."

ಮಧ್ಯಾಹ್ನದ ಬಸ್ಸಿಗೆ ಎರಡೂ ಮನೆಯ ಗಂಡಹೆಂಡಿರು ನಾಲ್ವರೂ ಹತ್ತಿದರು. ಕಂಡಕ್ಟರ್ ಕೋಲು ನೋಡಿ, "ಎಲ್ಲಿಗ್ರಿ?" ಎಂದ.

"ಗಾಲ್ಫಿಗೆ," ಎಂದಳು ಸರೋಜಾ ಹೆಮ್ಮೆಯಿಂದ.

"ಆ ಸ್ಟಾಪ್ ಇಲ್ಲರಿ. ಹರಿಹರದಾಗ ಇಳ್ಕಂಡು ಕೇಳ್ರಿ."

ಬಯಲಿನಲ್ಲಿ ಅಂಜನ್ ಒಂದು ಸಣ್ಣ ಗುಂಡಿ ತೋಡಿಸಿ, ಪಕ್ಕದಲ್ಲಿ ಕೆಂಪು ಕರವಸ್ತ್ರದ ಬಾವುಟ ನೆಟ್ಟಿದ್ದರು. ಕ್ರಿಕೆಟ್ ಆಡುತ್ತಿದ್ದವರೆಲ್ಲ ಆಟ ಬಿಟ್ಟು ಸುತ್ತ ನಿಂತರು. ಮೊದಲ ಸರದಿ ರೇವಂತನದು. ಐದು ಸಲ ಬೀಸಿದ. ನಾಲ್ಕು ಸಲ ಏಟು ಗಾಳಿಗೆ ಬಿತ್ತು, ಐದನೆಯ ಸಲ ಅವನ ಬೂಟೇ ಹೊಳೆಯ ಕಡೆ ಹಾರಿತು. ಅಂಜನ್ ನಸುನಗುತ್ತ ಏನೋ ಬರೆದುಕೊಂಡರು.

ಹುಲಿಯಪ್ಪ ಸರೋಜಾಳತ್ತ ಒಮ್ಮೆ ನೋಡಿ, ಕಣ್ಣು ಮುಚ್ಚಿ ಹೊಡೆದ. ಠಪ್ಪೆಂದಿತು. ಚೆಂಡು ಮೇಲೇರಿ, ಮಲಗಿ ಮೆಲುಕು ಹಾಕುತ್ತಿದ್ದ ಎಮ್ಮೆಯ ಬೆನ್ನಿಗೆ ಬಿತ್ತು. ಎಮ್ಮೆ ಬೇಸರದಿಂದ ಮೈ ಕೊಡವಿತು. ಜಾರಿದ ಚೆಂಡು ಉರುಳುತ್ತ ಹೋಗಿ ಗುಂಡಿಯೊಳಗೆ ಇಳಿಯಿತು.

ಬಯಲಿಗೆ ಬಯಲೇ ಶಿಳ್ಳೆ ಹೊಡೆಯಿತು. ಹುಲಿಯಪ್ಪ ಕಣ್ಣು ಬಿಟ್ಟಾಗ ಮಸ್ತಾನಸಾಬ್ ಅವನನ್ನು ತಬ್ಬಿಕೊಂಡಿದ್ದ. ಅಂಜನ್ ಮಾತ್ರ ಸಪ್ಪೆ ಮುಖ ಮಾಡಿಕೊಂಡು ಅವನನ್ನು ಪಕ್ಕಕ್ಕೆ ಕರೆದರು.

"ಎಷ್ಟು ವರ್ಷದಿಂದ ಆಡ್ತಿದೀರಿ?"

"ಹತ್ತು ಹನ್ನೆರಡು ವರ್ಷ ಆತು ಸರ್," ಎಂದ ಹುಲಿಯಪ್ಪ ಎದೆ ಉಬ್ಬಿಸಿ.

"ಹಾಗಾದ್ರೆ ನಿಮ್ಮನ್ನ ಕಳಿಸೋಕಾಗಲ್ಲ."

"ಯಾಕ ಸರ್?"

ಅಂಜನ್ ದನಿ ತಗ್ಗಿಸಿದರು. "ದೊಡ್ಡ ಸಾಹೇಬರು ಊಟಿಗೆ ಹೋಗೋದು ಗೆಲ್ಲೋಕೆ. ಹೋದ ವರ್ಷ ನಾನಿದ್ದ ಶಾಖೆಯ ಒಬ್ಬ ಅವರನ್ನ ಸೋಲಿಸಿಬಿಟ್ಟ. ಅವನ ಜೊತೆ ನನಗೂ ವರ್ಗ ಆಯ್ತು. ನೋಟಿಸಿನಲ್ಲಿ ಇದೆಲ್ಲ ಬರೆಯೋಕಾಗುತ್ತಾ? ನನಗೆ ಬೇಕಾಗಿದ್ದು ಚೆನ್ನಾಗಿ ಸೋಲೋ ಮನುಷ್ಯ. ರೇವಂತ್‌ಗೆ ಅದು ಹುಟ್ಟಿನಿಂದಲೇ ಬಂದಿದೆ."

ಹುಲಿಯಪ್ಪ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಸರ್, ನಂಗೆ ಗಾಲ್ಫ್ ಬರಲ್ಲ ಸರ್. ದೇವ್ರಾಣೆ. ಇವತ್ತು ಬೆಳಿಗ್ಗೆ ಈ ಕೋಲು ಮೊದಲ್ನೇ ಸಲ ಮುಟ್ಟಿದ್ದು."

"ದೊಡ್ಡ ಆಟಗಾರರ ವಿನಯವೇ ಹೀಗೆ," ಎಂದರು ಅಂಜನ್.

"ಇನ್ನೊಂದ್ಸಲ ಹೊಡೀತೀನಿ, ನೋಡ್ರಿ. ಖರೇವಂದ್ರೂ ಬರಲ್ಲ."

ಅವನು ಇನ್ನೊಂದು ಚೆಂಡು ಇಟ್ಟ. ಗುಂಡಿಗೆ ಬೆನ್ನು ಹಾಕಿ ನಿಂತ. ಕೋಲನ್ನು ಎಡಗೈಯಲ್ಲಿ ತಲೆಕೆಳಗಾಗಿ ಹಿಡಿದು, ಹೊಳೆಯ ಪಾಲಾಗಲಿ ಎಂದು ಬೀಸಿದ. ಚೆಂಡು ಪಿಚ್ಚಿನ ಪಕ್ಕ ನಿಲ್ಲಿಸಿದ್ದ ಕಲ್ಲಿನ ರೋಲರಿಗೆ ಠಣ್ಣನೆ ಬಡಿದು ಹಿಂದಿರುಗಿತು. ಅವನ ಎರಡು ಕಾಲಿನ ನಡುವೆ ನುಸುಳಿ, ಇಳಿಜಾರಿನಲ್ಲಿ ನಿಧಾನವಾಗಿ ಉರುಳಿ, ಅಂಚಿನಲ್ಲಿ ಒಂದು ಗಳಿಗೆ ನಿಂತು, ಗುಂಡಿಗೆ ಬಿತ್ತು.

ಅಂಜನ್ ತಲೆಯ ಮೇಲಿನ ಟೋಪಿ ತೆಗೆದು ಕೈಮುಗಿದರು.

ಬಯಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಸರೋಜಾ. ಆ ಗದ್ದಲದಲ್ಲೂ ಅವಳು ಮಾಬೂಬೀಗೆ ಹೇಳಿದ್ದು ಹುಲಿಯಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.

"ಮೂರು ದಿನ ಎಲ್ಲಿ ಸಾಕಾಗ್ತಾವ ಮಾಬೂಬೀ? ಇಷ್ಟು ಚೆಂದ ಆಡ್ತಾರೆ ಅಂದ್ಮೇಲೆ ಒಂದು ವಾರ ಇಟ್ಕಂತಾರೆ ಬಿಡು."